ಕಾಕು ಕಿವಿಗೆ ಹಾಕಿಕೊಳ್ಳದ ಮಾತು

ಅವರ ಬಿಳಿ ಓಢಣಿಯ ಒಳಮೈಯಲ್ಲಿ ರೂಪಾಯಿ ಅಗಲದ ಒಂದು ಕೆಂಪು ಕಲೆ ಇತ್ತು. ಎಷ್ಟು ಒಗೆದರೂ ಹೋಗದ ಕುಂಕುಮದ ಕಲೆ. ನಾಗಪುರದ ಬಿಸಿಲಿನಲ್ಲಿ ಸ್ಕೂಟಿ ಓಡಿಸುವ ಹುಡುಗಿಯರು ಮಾಡುವಂತೆ ಅವರೂ ತಲೆ, ಕಿವಿ, ಮೂಗು, ಬಾಯಿ ಎಲ್ಲವನ್ನೂ ಓಢಣಿಯಲ್ಲಿ ಬಿಗಿದು ಕಟ್ಟಿ, ಕಣ್ಣೆರಡನ್ನೇ ಹೊರಗೆ ಬಿಟ್ಟು, ಮೊಣಕೈತನಕ ಕೈಗವಸು ಹಾಕಿಕೊಂಡು ಹೊರಡುತ್ತಿದ್ದರು. ಅವರಿಗೆ ಆಗಲೇ ಅರವತ್ತು ದಾಟಿತ್ತು. ಇಳಕಲ್ ಸೀರೆಯ ನಿರಿಗೆಯನ್ನು ತುಸು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕನ್ನಡಿಯ ಕಡೆ ಒಮ್ಮೆಯೂ ನೋಡದೆ ಗಾಡಿ ತಿರುಗಿಸುತ್ತಿದ್ದರು. ಮನೆಗೆ ಬಂದು ಓಢಣಿ ಬಿಚ್ಚಿದರೆ ಕುಂಕುಮ ಅರ್ಧ ಹಣೆಯ ಮೇಲೆ, ಅರ್ಧ ಬಟ್ಟೆಯ ಮೇಲೆ. ಹೆಬ್ಬೆರಳಿನಿಂದ ಅದನ್ನು ಒತ್ತಿ ಸರಿಮಾಡಿಕೊಳ್ಳುತ್ತ, "ಒಂದು ತಂಬಿಗಿ ನೀರು ಕೊಡವಾ" ಎನ್ನುತ್ತಿದ್ದರು.

ಅವರು ನಮ್ಮ ಎದುರು ಮನೆಯ ಕಾಕು, ಅಂದರೆ ಚಿಕ್ಕಮ್ಮ. ನನಗಷ್ಟೇ ಅಲ್ಲ, ನನ್ನ ಅಪ್ಪನಿಗೂ, ಹಾಲಿನವನಿಗೂ, ಇಡೀ ಕಟ್ಟಡಕ್ಕೇ ಕಾಕು. ನಾಗಪುರದ ಸದರ್ ಬಡಾವಣೆಯ ಆ ಹಳೆಯ ಕಟ್ಟಡದ ಎರಡನೇ ಅಂತಸ್ತಿನಲ್ಲಿ ಎರಡೇ ಮನೆಗಳು, ಬಾಗಿಲಿಗೆ ಬಾಗಿಲು. ಅಪ್ಪ ರೈಲ್ವೆ ಕೆಲಸದ ಮೇಲೆ ಹುಬ್ಬಳ್ಳಿಯಿಂದ ಬಂದವರು. ಕಾಕುವಿನ ಯಜಮಾನರು ಬ್ಯಾಂಕಿನಿಂದ ನಿವೃತ್ತರಾಗಿ ಇಲ್ಲೇ ಉಳಿದವರು. ಆ ಕಾಕಾ ಮಾತು ಕಡಿಮೆಯ ಮನುಷ್ಯ. ಮರಾಠಿ ಶಾಲೆಯಲ್ಲಿ ಓದುತ್ತಿದ್ದ ನನ್ನನ್ನೂ ಅಕ್ಕನನ್ನೂ ರವಿವಾರ ರವಿವಾರ ಕೂಡಿಸಿಕೊಂಡು ಕನ್ನಡದ ಅಕ್ಷರ ತಿದ್ದಿಸಿದ್ದು ಕಾಕುವೇ. ಇವತ್ತು ಇದನ್ನು ಬರೆಯುತ್ತಿರುವ ಅಕ್ಷರ ಅವರದು.

ಊರಿಗೆಲ್ಲ ಅವರು ಗೊತ್ತಿದ್ದದ್ದು ಬೇರೆ ಕಾರಣಕ್ಕೆ. ನಾಗಪುರದಲ್ಲಿ ನಮ್ಮ ಕನ್ನಡದ ಮನೆಗಳು ಚೆಲ್ಲಾಪಿಲ್ಲಿಯಾಗಿವೆ. ರೈಲ್ವೆಯವರು ಒಂದು ಕಡೆ, ಕಾರ್ಖಾನೆಯವರು ಇನ್ನೊಂದು ಕಡೆ. ಮಕ್ಕಳು ಮದುವೆಗೆ ಬಂದಾಗ ಊರಿನ ಬಳಗ ದೂರ ಇರುತ್ತದೆ, ಇಲ್ಲಿಯವರ ಬೇರು ಯಾರಿಗೂ ಗೊತ್ತಿರುವುದಿಲ್ಲ. ಮೊಬೈಲಿನಲ್ಲಿ ಬಯೋಡೇಟಾಗಳು ಓಡಾಡುತ್ತಿದ್ದವು, ನಿಜ. ಆದರೆ ಕೊನೆಗೆ ಎಲ್ಲರೂ ಕಾಕುವಿಗೇ ಫೋನು ಮಾಡುತ್ತಿದ್ದರು. "ಹುಡುಗ ಹ್ಯಾಂಗದಾನ್ರಿ ಕಾಕು?"

"ನೋಡಿ ಹೇಳ್ತೀನಿ" ಎನ್ನುವುದೇ ಅವರ ಮೊದಲ ಉತ್ತರ. ಹೇಳದೆ ಕೇಳದೆ ಹುಡುಗನ ಮನೆಗೆ ಹೋಗಿ, ಪಡಸಾಲೆಯಲ್ಲಿ ಕೂಡದೆ ನೇರ ಅಡುಗೆಮನೆಗೆ ನುಗ್ಗಿ, ಮೆಂತ್ಯದ ಸೊಪ್ಪು ಸೋಸುತ್ತ ಕೂತುಬಿಡುತ್ತಿದ್ದರು. "ಹುಡುಗನ ಮಾರಿ ಎಲ್ಲಾರೂ ನೋಡ್ತಾರ. ನಾ ಆ ಮನಿ ಅಡಗಿಮನ್ಯಾಗಿನ ಹೆಣ್ಮಕ್ಕಳ ಮಾರಿ ನೋಡ್ತೀನಿ" ಎನ್ನುವುದು ಅವರ ಮಾತು. ಇದಕ್ಕಾಗಿ ಯಾರಿಂದಲೂ ಒಂದು ರವಿಕೆ ಖಣವನ್ನೂ ತೆಗೆದುಕೊಂಡವರಲ್ಲ. ಒಂದೇ ಒಂದು ಆಸೆ ಇತ್ತು. ಮದುವೆ ಮನೆಯಲ್ಲಿ ಹಿರಿಯರು ಯಾರಾದರೂ "ಕಾಕು ಹೇಳಿದ್ರು ಅಂದ್ರ ಮುಗೀತು" ಎಂದಾಗ ಅವರು ಮುಖ ತಗ್ಗಿಸಿ ನಗು ಮರೆಮಾಡುತ್ತಿದ್ದರು. ಆ ಮಾತಿನ ಮೇಲೆ ಅವರಿಗೆ ಮೋಹ ಇತ್ತು. ಅದನ್ನು ಅವರೇ ಆಮೇಲೆ ನನಗೆ ಹೇಳಿದರು.

ನನ್ನ ಅಕ್ಕ ಬಾಲವಾಡಿಯಲ್ಲಿ ಕಲಿಸುತ್ತಿದ್ದಳು. ಮಕ್ಕಳು ಕೂದಲು ಜಗ್ಗಿದರೂ ಬೈಯದವಳು. ಅವಳಿಗೆ ಬಂದ ಸಂಬಂಧಗಳು ಒಂದು ಜಾತಕಕ್ಕೆ, ಇನ್ನೊಂದು ಬಣ್ಣಕ್ಕೆ ಮುರಿದುಬಿದ್ದು ಅವ್ವ ಸೋತುಹೋಗಿದ್ದಳು. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಅವ್ವ ಕಣ್ಣೊರೆಸಿಕೊಳ್ಳುವುದನ್ನು ನೋಡಿ ಕಾಕು, "ದೀಪಾವಳಿ ಒಳಗ ನಿನ್ನ ಮಗಳ ಅಕ್ಷತಾ ಹಾಕಸ್ತೀನಿ. ಮಾತು ಕೊಟ್ಟೀನಿ, ತಿಳೀತಿಲ್ಲೊ?" ಎಂದರು.

ಸಂಬಂಧ ಬಂದದ್ದು ನಾಗಪುರದ ಹೊರವಲಯದ ವಾಡಿಯ ಒಂದು ಮನೆಯಿಂದ. ಅವರದು ಲಾರಿಗಳ ವ್ಯವಹಾರ. ಹಿರಿಯ ಮಗ ಅದನ್ನೇ ನೋಡಿಕೊಳ್ಳುತ್ತಿದ್ದ. ಕಿರಿಯವನು ಹತ್ತಿರದ ಕಳಮೇಶ್ವರದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕಿರಿಯವನಿಗೇ ಹೆಣ್ಣು ನೋಡುತ್ತಿದ್ದರು. ಕಾಕು ವಾಡಿಗೆ ಹೋಗಿ ಬಂದರು. ಬಂದವರು ನಮ್ಮ ಮನೆಯಲ್ಲಿ ನಿಂತು, "ಹುಡುಗ ಚಲೋ ಅದಾನ. ಕಣ್ಣು ಮುಚ್ಚಿ ಕೊಡ್ರಿ" ಎಂದರು. ಅಪ್ಪ ಎರಡನೇ ಪ್ರಶ್ನೆ ಕೇಳಲಿಲ್ಲ. ದೀಪಾವಳಿಗೆ ಮುಂಚೆ ಮದುವೆ ಆಯಿತು. ಗಂಡ ಹೆಂಡತಿ ಕಳಮೇಶ್ವರದಲ್ಲಿ ಬಾಡಿಗೆ ಮನೆ ಹಿಡಿದರು.

ಮೊದಲು ಅಕ್ಕನ ಫೋನುಗಳು ಚಿಕ್ಕವಾದವು. ಆಮೇಲೆ ಗಂಡ ಮನೆಯಲ್ಲಿದ್ದಾಗ ಬರುವುದೇ ನಿಂತುಹೋಯಿತು. ಮರುವರ್ಷದ ನಾಗರಪಂಚಮಿಗೆ ಅವ್ವ ಉಂಡಿ ಕಟ್ಟಿಟ್ಟುಕೊಂಡು ಕಾದಳು, ಅಕ್ಕ ಬರಲಿಲ್ಲ. "ಅವರಿಗೆ ರಜಾ ಸಿಗಲಿಲ್ಲ" ಎಂದು ಅವಳ ಸಂದೇಶ ಬಂತು. ಅವ್ವ ಅದನ್ನು ನಂಬಿದಳು. ಕಾಕು ನಂಬಲಿಲ್ಲ. ಉಂಡಿಯ ಡಬ್ಬಿ ತೆಗೆದುಕೊಂಡು, "ನಾನ ಕೊಟ್ಟು ಬರ್ತೀನಿ" ಎಂದು ಸ್ಕೂಟಿ ಹತ್ತಿದರು.

ಅಲ್ಲಿ ನಡೆದದ್ದನ್ನು ಅಕ್ಕ ನನಗೆ ಬಹಳ ದಿನಗಳ ಮೇಲೆ ಹೇಳಿದಳು. ಬಾಗಿಲು ತೆರೆದು ನಕ್ಕು, ಒಳಗೆ ಕರೆದು, ಚಹಾ ಮಾಡಿ, ಕಪ್ಪನ್ನು ಎಡಗೈಯಿಂದ ಚಾಚಿದಳಂತೆ. ಕಾಕು ಅದನ್ನು ಮುಟ್ಟಲಿಲ್ಲ.

"ಬಲಗೈ ತೋರ್ಸು."

"ಬಾಗಿಲಾಗ ಸಿಕ್ಕಿತ್ರಿ ಕಾಕು."

ಎರಡು ಬೆರಳು ಬಾತು ನೀಲಿಗಟ್ಟಿದ್ದವು. ಕಾಕು ಅವಳ ಕೂದಲನ್ನು ಮೆಲ್ಲಗೆ ಹಿಂದೆ ಸರಿಸಿದರು. "ಬಾಗಿಲು ಬೆರಳಿಗೆ ಬಡೀತೈತಿ, ಖರೆ. ಕಿವಿಗೂ ಬಡೀತೈತೇನು?"

ಅಕ್ಕ ಅಳಲಿಲ್ಲ. "ಚಹಾ ಆರತೈತ್ರಿ" ಎಂದಳು, ಅಷ್ಟೆ.

ಕಾಕು ಎದ್ದು ಗ್ಯಾಸು ಬಂದ್ ಮಾಡಿದರು. "ನನ್ನ ಸಂಗಾಟ ಬರ್ತೀಯೇನು?" ಎಂದು ಕೇಳಿದರು. ಅಕ್ಕ ಹೂಂ ಎಂದು ತಲೆ ಆಡಿಸಿದ ಮೇಲೆ, "ನಿನ್ನ ಸರ್ಟಿಫಿಕೇಟ್ ಅದಾವಲ್ಲ, ಅವನ್ನ ತಗೋ. ಚಪ್ಪಲ್ ಹಾಕ್ಕೋ" ಎಂದರು. ಹೊಸ್ತಿಲಲ್ಲಿ ನಿಂತು ಅವಳ ಗಂಡನಿಗೆ ಫೋನು ಮಾಡಿದರು. ಕದ್ದು ಕರೆದುಕೊಂಡು ಹೋದರು ಎನ್ನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು. "ನಿನ್ನ ಹೇಂತಿ ನನ್ನ ಸಂಗಾಟ ಬರಾಕತ್ತಾಳ. ನನ್ನ ಮನ್ಯಾಗ ಇರ್ತಾಳ. ಏನರ ಕೇಳೂದಿದ್ರ ನನ್ನ ಕೇಳು, ಆಕಿನ್ನಲ್ಲ." ಆಮೇಲೆ ತಮ್ಮ ಓಢಣಿ ತೆಗೆದು ಅಕ್ಕನ ಮುಖಕ್ಕೆ ಕಟ್ಟಿದರು, ಕಿವಿಯ ಕಲೆ ದಾರಿಯಲ್ಲಿ ಯಾರಿಗೂ ಕಾಣದ ಹಾಗೆ. ತಾವು ಬರಿ ಮುಖದಲ್ಲಿ ಸದರಿನತನಕ ಗಾಡಿ ಓಡಿಸಿಕೊಂಡು ಬಂದರು.

ನಾನು ಕಾಲೇಜಿನಿಂದ ಬಂದು ಮೆಟ್ಟಿಲು ಹತ್ತುವಾಗ ಎದುರು ಮನೆಯ ಬಾಗಿಲು ತೆರೆದಿತ್ತು. ಒಳಗೆ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಕಾಕಾ ಒಂದು ಮಾತೂ ಕೇಳದೆ ತಮ್ಮ ಮಂಚವನ್ನು ಒಳಕೋಣೆಯಿಂದ ಹೊರಗಿನ ಕೋಣೆಗೆ ಎಳೆಯುತ್ತಿದ್ದರು, ಒಳಕೋಣೆ ಅಕ್ಕನಿಗೆ ಇರಲಿ ಎಂದು. ಕಾಕು ನಮ್ಮ ಮನೆಯಲ್ಲಿ ನಿಂತಿದ್ದರು. ಅವ್ವ ಕೂಡಿರಿ ಎಂದರೂ ಕೂಡಲಿಲ್ಲ. ಬೆರಳಿನ ಸುದ್ದಿ, ಕಿವಿಯ ಸುದ್ದಿ ಹೇಳಿದರು. ಅವ್ವ ಅಕ್ಕನ ಹತ್ತಿರ ಓಡಲು ಎದ್ದಳು. ಕಾಕು ಕೈ ಅಡ್ಡ ಹಿಡಿದರು.

"ಒಂದು ಮಿನಿಟ್ ನಿಂದರು. ಇನ್ನೊಂದು ಮಾತೈತಿ. ಅದನ್ನ ಕೇಳಿ ಹೋಗು."

ಅವರ ದನಿ ಎಂದಿನಂತೆ ಇರಲಿಲ್ಲ. ನೆಲ ನೋಡುತ್ತ ಹೇಳಿದರು. "ಹುಡುಗನ್ನ ನೋಡಾಕ ವಾಡಿಗೆ ಹೋಗಿದ್ದೆನಲ್ಲ, ಆವತ್ತ ಅವನ ಅಣ್ಣನ ಹೇಂತಿ ನನಗ ನೀರು ಕೊಡೂ ಮುಂದ ಒಂದು ಮಾತಂದ್ಲು. 'ಕಾಕು, ಹುಡುಗಿ ಭಾಳ ಮೆತ್ತಗಿದ್ರ ಬ್ಯಾಡ್ರಿ' ಅಂತ. ಇಷ್ಟ ಅಂದ್ಲು, ಮತ್ತ ಒಲಿ ಕಡೆ ತಿರುಗಿದ್ಲು. ನನಗ ತಿಳೀತು. ತಿಳೀಲಿಲ್ಲ ಅಂತ ಹೇಳಾಕ ಬರೂದಿಲ್ಲ. ದೀಪಾವಳಿ ಒಳಗ ಮಾಡಸ್ತೀನಿ ಅಂತ ನಿನಗ ಮಾತು ಕೊಟ್ಟಿದ್ದೆ. ಮದಿವಿ ಆದ್ರ ಸುಧಾರಿಸ್ತಾನ ಅಂತ ನನಗ ನಾನ ಹೇಳ್ಕೊಂಡೆ. ನನ್ನ ಮಾತು ಉಳೀಲಿ ಅಂತ ನಿನ್ನ ಮಗಳನ್ನ ಒಯ್ದು ಕೊಟ್ಟೆ."

ಅಪ್ಪ ಕೇಳಿದರು, "ಇದನ್ನ ಈಗ ಯಾಕ ಹೇಳಾಕತ್ತೀರಿ ಕಾಕು? ಯಾರು ಕೇಳಿದ್ರು?"

"ಯಾರೂ ಕೇಳೂದಿಲ್ಲ. ಅದಕ್ಕ ಹೇಳಾಕ ಬಂದೀನಿ. ಆದ್ರ ಆ ವಾಡಿ ಹೆಣ್ಮಗಳ ಸುದ್ದಿ ಈ ಮನಿ ದಾಟಿ ಹೋಗೂದು ಬ್ಯಾಡ. ಆಕಿ ಅಲ್ಲೇ ಬಾಳ್ವೆ ಮಾಡಬೇಕು. ಆಕಿ ಹೇಳಬೇಕಾದ್ದು ಹೇಳ್ಯಾಳ. ಕೇಳಬೇಕಾದಾಕಿ ನಾನು."

ಅವ್ವ ಬಾಗಿಲಿನ ಕಡೆ ಬೆರಳು ಮಾಡಿದಳು. "ಇನ್ನ ನನ್ನ ಹೊಸ್ತಿಲಾಗ ಕಾಲಿಡಬ್ಯಾಡ್ರಿ."

"ಬರೋಬರ್ ಐತಿ" ಎಂದು ಕಾಕು ಹೊರಗೆ ಹೋದರು.

ಮರುದಿನ ಅಪ್ಪ, ನಾಲ್ಕು ದಿನ ಮಗಳನ್ನು ನಮ್ಮಲ್ಲಿಟ್ಟುಕೊಂಡು, ಹಿರಿಯರನ್ನು ಕೂಡಿಸಿ, ಅಳಿಯನಿಗೆ ಬುದ್ಧಿ ಹೇಳಿಸಿ ಕಳಿಸೋಣ ಎಂದರು. ಅಪ್ಪ ಕೆಟ್ಟವರಲ್ಲ. ಜನಕ್ಕೆ ಏನು ಹೇಳುವುದು ಎಂಬ ಭಯ ಅವರನ್ನು ಹಿಂಡುತ್ತಿತ್ತು. ಕಾಕು ತಮ್ಮ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟರು. "ಆಕಿ ಹೋಗ್ತೀನಿ ಅಂದ್ರ ನಾನ ಬಿಟ್ಟು ಬರ್ತೀನಿ. ಆಕಿ ಒಲ್ಲೆ ಅಂದ್ರ ಯಾರೂ ಒಯ್ಯಾಂಗಿಲ್ಲ. ಜನ ಕೇಳಿದ್ರ ನನ್ನ ಹೆಸರು ಹೇಳ್ರಿ." ಒಳಗಿನಿಂದ ಅಕ್ಕ, "ನಾ ಇಲ್ಲೇ ಇರ್ತೀನಪ್ಪಾ" ಎಂದಳು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹೀಗೆ ನನ್ನ ಅಕ್ಕ ನಮ್ಮ ಎದುರು ಮನೆಯವಳಾದಳು.

ಸಂಕ್ರಾಂತಿಗೆ ಕನ್ನಡದ ಹೆಂಗಸರೆಲ್ಲ ಸೇರಿ ಅರಿಷಿಣ ಕುಂಕುಮ ಮಾಡುವುದು ರೂಢಿ. ಕಾಕು ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಹೋದರು. ಎಳ್ಳು ಬೆಲ್ಲ ಹಂಚುತ್ತಿದ್ದಾಗ ಒಬ್ಬರು, ಅಕ್ಕನಿಗೆ ಕೇಳಿಸುವಂತೆಯೇ, "ಈಗಿನ ಹುಡಿಗ್ಯಾರಿಗೆ ತಾಳಿಕೊಳ್ಳೂದು ಬರೂದಿಲ್ಲ" ಎಂದರು. ಇನ್ನೊಬ್ಬರು ಅದಕ್ಕೆ ಸೇರಿಸಿದರು, "ಮತ್ತ? ಕಾಕು ನೋಡಿ ಮಾಡಿದ್ದು. ಆ ಹುಡುಗ ಕೆಟ್ಟಾಂವ ಇರಾಕ ಸಾಧ್ಯ ಇಲ್ಲ."

ನಮಗೆ ಆಗ ಹೊಳೆಯಿತು. ಕಾಕುವಿನ ಒಳ್ಳೆಯ ಹೆಸರೇ ಅಕ್ಕನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಆ ಹೆಸರು ಇರುವ ತನಕ ತಪ್ಪೆಲ್ಲ ಅಕ್ಕನದೇ.

ಕಾಕು ಕೈಯಲ್ಲಿದ್ದ ತಾಟು ಕೆಳಗಿಟ್ಟರು. "ಅಂವ ಕೆಟ್ಟಾಂವನ ಅದಾನ. ನನಗ ಮೊದಲ ಸುಳಿವು ಸಿಕ್ಕಿತ್ತು. ಸಿಕ್ಕೂ ಮದಿವಿ ಮಾಡಿಸ್ದೆ. ತಪ್ಪು ನಂದು. ಈ ಹುಡುಗಿದು ಎಳ್ಳಷ್ಟೂ ಇಲ್ಲ." ಹೇಳಿ ಮತ್ತೆ ತಾಟು ಎತ್ತಿಕೊಂಡು, ಆಡಿದ ಇಬ್ಬರಿಗೇ ಮೊದಲು ಎಳ್ಳು ಬೆಲ್ಲ ಕೊಟ್ಟರು. ಆವತ್ತಿನಿಂದ ಅವರಿಗೆ ಹುಡುಗನನ್ನು ವಿಚಾರಿಸುವ ಫೋನುಗಳು ಬರುವುದು ನಿಂತಿತು. "ಕಾಕು ಹೇಳಿದ್ರು ಅಂದ್ರ ಮುಗೀತು" ಎಂಬ ಮಾತೂ ನಿಂತಿತು. ಅದನ್ನು ತಮ್ಮ ಕೈಯಾರೆ ಮುಗಿಸಿ ಬಂದಿದ್ದರು.

ಅಪರೂಪಕ್ಕೆ ಯಾರಾದರೂ ಕೇಳಿದರೆ, "ಹೊಸಾವು ಬ್ಯಾಡ. ಹಳೇವ ಇನ್ನೂ ನೋಡೂದು ಐತಿ" ಎನ್ನುತ್ತಿದ್ದರು. ಅದೇನೆಂದು ಆಮೇಲೆ ತಿಳಿಯಿತು. ತಾವು ಹಿಂದೆ ಮಾಡಿಸಿದ ಮದುವೆಗಳ ಮನೆಮನೆಗೂ ಹೋಗತೊಡಗಿದ್ದರು. ಹಿಂದಿನ ಸೀಟಿನಲ್ಲಿ ಎಷ್ಟೋ ಸಲ ನಾನೇ ಕೂತು ಹೋಗಿದ್ದೇನೆ. ಹೋದ ಮನೆಯಲ್ಲಿ ಆ ಹುಡುಗಿಯನ್ನು ಏನಾದರೂ ನೆವ ಮಾಡಿ ಒಬ್ಬಳನ್ನೇ ಬಾಲ್ಕನಿಗೋ ತಾರಸಿಗೋ ಕರೆದೊಯ್ದು, "ಹ್ಯಾಂಗದೀ? ಮನಿದು ಬ್ಯಾಡ, ನಿಂದು ಹೇಳು" ಎಂದು ಕೇಳುತ್ತಿದ್ದರು. ಹೆಚ್ಚಿನವರು ನಕ್ಕುಬಿಡುತ್ತಿದ್ದರು. ಒಬ್ಬಳು ನಗಲಿಲ್ಲ, ಅವಳ ಹತ್ತಿರ ಕಾಕು ಮಧ್ಯಾಹ್ನವೆಲ್ಲ ಕೂತರು, ಮತ್ತೆ ಮತ್ತೆ ಹೋದರು. ಎಲ್ಲ ಗಂಡಂದಿರಿಗೂ ಇದು ಸೇರುತ್ತಿರಲಿಲ್ಲ. ಒಬ್ಬ ತುಸು ಚುಚ್ಚಿಯೇ, "ಏನ್ ಕಾಕು, ನಿಮ್ಮ ಗ್ಯಾರಂಟಿ ಇನ್ನೂ ಮುಗಿದಿಲ್ಲೇನು?" ಎಂದ.

"ನಾ ಇರೂತನಕ ಮುಗಿಯೂದಿಲ್ಲಪಾ" ಎಂದರು ಕಾಕು, ಅವನು ಕೊಟ್ಟ ಚಹಾವನ್ನು ತಣ್ಣಗೆ ಕುಡಿಯುತ್ತ.

ಅಕ್ಕನ ವಿಚ್ಛೇದನದ ಮೊಕದ್ದಮೆಯಲ್ಲಿ ಕಾಕು ಸಾಕ್ಷಿ. ನಮ್ಮ ವಕೀಲರು ಒಬ್ಬ ಮರಾಠಿ ಹೆಂಗಸು, ಚುರುಕು. ಕಾಕು ತಮಗೆ ಮೊದಲೇ ಸುಳಿವು ಸಿಕ್ಕಿದ್ದನ್ನೂ ಹೇಳುತ್ತೇನೆ ಎಂದಾಗ ಅವರು ಬೇಡವೇ ಬೇಡ ಎಂದರು. ಹುಡುಗಿಯ ಕಡೆಯವರಿಗೆ ಅವನ ಸ್ವಭಾವ ಗೊತ್ತಿದ್ದೇ ಮದುವೆ ಆಯಿತು ಎಂದು ಎದುರಿನವರು ತಿರುಗಿಸುತ್ತಾರೆ, ಕಣ್ಣಾರೆ ಕಂಡ ಬೆರಳು ಕಿವಿ ಅಷ್ಟೇ ಹೇಳಿ ಸಾಕು ಎಂದರು. ಅವರು ಹೇಳಿದ್ದರಲ್ಲಿ ಅರ್ಥ ಇತ್ತು. ಕಾಕು ಮೂರನೇ ದಿನ ಅಕ್ಕನನ್ನು ಎದುರಿಗೆ ಕೂಡಿಸಿಕೊಂಡರು.

"ಮನಸ್ಸಿನ ಭಾರ ನಂದು, ಕೇಸು ನಿಂದು. ನನ್ನ ಭಾರ ಇಳಿಸ್ಕೊಳ್ಳಾಕ ನಿನ್ನ ಮ್ಯಾಲೆ ಹೇರಿದ್ರ ಅದು ಎರಡನೇ ತಪ್ಪಾಗತೈತಿ. ಕೇಳದಿದ್ರ ನಾನಾಗಿ ಎತ್ತೂದಿಲ್ಲ. ಆದ್ರ ಪ್ರಮಾಣ ಮಾಡಿ ನಿಂತಾಗ ಅವರು ನೆಟ್ಟಗ ಕೇಳಿದ್ರ, ಸುಳ್ಳು ಹೇಳಾಕ ನನ್ನ ನಾಲಿಗಿ ಏಳಾಂಗಿಲ್ಲ. ಅದು ನಿನಗ ಬ್ಯಾಡಾಗಿದ್ರ ಸಾಕ್ಷಿಗೇ ಹೋಗೂದಿಲ್ಲ. ನೀ ಹೇಳ್ದಂಗ."

ಅಕ್ಕ ಯೋಚಿಸಿ, "ಹೋಗ್ರಿ ಕಾಕು. ಕೇಳಿದ್ರ ಖರೇನ ಹೇಳ್ರಿ" ಎಂದಳು.

ಕೇಳಿಯೇ ಕೇಳಿದರು. ಎದುರು ಪಕ್ಷದ ವಕೀಲರು, ಹುಡುಗನನ್ನು ನೋಡಿ ಹೊಗಳಿದವರು ನೀವೇ ಅಲ್ಲವೇ, ಆಗ ಏನೂ ಕೆಟ್ಟದ್ದು ಕಂಡಿರಲಿಲ್ಲವೇ ಎಂದರು. ಒಬ್ಬರು ಎಚ್ಚರಿಸಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದರು ಕಾಕು. ಎಚ್ಚರಿಸಿದವರ ಹೆಸರು ಕೇಳಿದರೆ, ಅದನ್ನು ಕೊಡುವುದಿಲ್ಲ, ತಪ್ಪು ಮಾಡಿದವಳ ಹೆಸರು ಬೇಕಾದರೆ ನನ್ನದು ಬರೆದುಕೊಳ್ಳಿ ಎಂದರು. ಆಗ ವಕೀಲರು ನಕ್ಕು, ಸಂಬಂಧ ಮಾಡಿಸುವವರೆಂದು ನಿಮಗೆ ಹೆಸರಿತ್ತು, ಮದುವೆ ಮುರಿದ ಮೇಲೆ ಆ ಇಜ್ಜತ್ ಉಳಿಸಿಕೊಳ್ಳಲು ಹುಡುಗನ ಮೇಲೆ ಕತೆ ಕಟ್ಟುತ್ತಿದ್ದೀರಿ ಎಂದು ಚುಚ್ಚಿದರು. ಕಾಕು ತಮ್ಮ ಮುರುಕು ಹಿಂದಿಯಲ್ಲಿ ಹೇಳಿದರಂತೆ:

"ಸಾಹೇಬ್, ಇಜ್ಜತ್ ಬಚಾನಾ ಹೋತಾ ತೋ ಮೈ ಚುಪ್ ಬೈಠತೀ." ಮರ್ಯಾದೆ ಉಳಿಸಿಕೊಳ್ಳುವುದಿದ್ದರೆ ಸುಮ್ಮನೆ ಕೂತಿರುತ್ತಿದ್ದೆ.

ಅಕ್ಕ ಇದನ್ನು ಹೇಳುವಾಗ ಪ್ರತಿ ಸಲವೂ ಇಲ್ಲಿ ನಿಲ್ಲುತ್ತಾಳೆ. ನ್ಯಾಯಾಧೀಶರು ಬರೆಯುವುದನ್ನು ಬಿಟ್ಟು ಕಾಕುವನ್ನು ಒಮ್ಮೆ ನೋಡಿ, ವಕೀಲರಿಗೆ ಮುಂದೆ ಹೋಗಿ ಎಂದರಂತೆ. ನಮ್ಮ ವಕೀಲರು ಹೆದರಿದಂತೆ ಎದುರಿನವರು ಆ ಮಾತು ಹಿಡಿದು ಎಳೆದಾಡಿದರು, ಮೊಕದ್ದಮೆ ಉದ್ದವಾಯಿತು. ಕೊನೆಗೆ ಅಕ್ಕನಿಗೆ ಬಿಡುಗಡೆ ಸಿಕ್ಕಿತು.

ಸಾಕ್ಷಿ ಹೇಳಿ ಬಂದ ದಿನ ಮೇ ತಿಂಗಳ ಬಿಸಿಲು. ಕಾಕು ಮೆಟ್ಟಿಲು ಹತ್ತುತ್ತ ತಲೆ ತಿರುಗಿ ನಮ್ಮ ಬಾಗಿಲ ಮುಂದೆಯೇ ಕುಸಿದು ಕೂತರು. ಅಷ್ಟು ದಿನ ಎದುರು ಬದುರು ಇದ್ದೂ ಅವ್ವ ಅವರೊಂದಿಗೆ ಮಾತಾಡಿರಲಿಲ್ಲ. ಅಕ್ಕನಿಗೆ ಊಟ ತಿಂಡಿ ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಅವ್ವ ಹೊರಗೆ ಬಂದು ನೋಡಿ, ಒಳಗೆ ಹೋಗಿ, ಮಾವಿನಕಾಯಿ ಪಾನಕದ ಲೋಟ ತಂದು ಚಾಚಿದಳು.

"ಕುಡೀರಿ."

ಕಾಕು ತಲೆಯೆತ್ತಿದರು. "ಮಾಫ್ ಮಾಡಿದ್ಯೇನವಾ?"

"ಇಲ್ಲ. ಕುಡೀರಿ."

"ಬರೋಬರ್" ಎಂದು ಕಾಕು ಕುಡಿದರು. ಅವ್ವ ಇನ್ನೊಂದು ಲೋಟ ತಂದಳು. ಆವತ್ತಿನಿಂದ ಮಾತು ಶುರುವಾಯಿತು. ಕ್ಷಮೆಯ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಅಕ್ಕ ಬಿ.ಎಡ್. ಮುಗಿಸಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದಳು, ಬೇರೆ ಮನೆ ಮಾಡಿದಳು. ನಾನು ನನ್ನ ಸಹೋದ್ಯೋಗಿಯೊಬ್ಬನನ್ನು ಮದುವೆಯಾಗಬೇಕೆಂದಾಗ ಮೊದಲು ಕಾಕುವಿನ ಅಭಿಪ್ರಾಯ ಕೇಳಲು ಹೋದೆ. ಅವರು ಒಳ್ಳೆಯವನೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. "ಆರಿಸ್ಕೊಂಡಾಕಿ ನೀನು. ಚಲೋ ಆದ್ರ ನಿಂದು, ತಪ್ಪಿದ್ರೂ ನಿಂದು. ತಪ್ಪಿತು ಅಂತ ಹೇಳಾಕ ಮಾತ್ರ ಹೆದರಬ್ಯಾಡ. ಆ ಹೆದರಿಕಿಯೊಳಗ ನಾ ಒಬ್ಬಾಕಿ ಬಾಳ್ವೆ ಕೆಡಿಸಿದೆ" ಎಂದರು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಬುದ್ಧಿಮಾತುಗಳಲ್ಲಿ ನಾನು ದಿನಾ ಬಳಸುವುದು ಇದೊಂದೇ.

ಹೋದ ಚಳಿಗಾಲದಲ್ಲಿ ಅವರ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಅಕ್ಕ ಜೊತೆಗಿದ್ದಳು. ಕೊನೆಯ ಬೆಳಿಗ್ಗೆ ಅವಳ ಕೈ ಹಿಡಿದು, "ಎಲ್ಲಾರನೂ ಹ್ಯಾಂಗದೀ ಅಂತ ಕೇಳ್ದೆ. ವಾಡಿಯಾಕಿನ್ನ ಮಾತ್ರ ಕೇಳಲಿಲ್ಲ ನೋಡು. ಆ ಮನಿಗೆ ಹೋಗೂ ಧೈರ್ಯ ಆಗಲಿಲ್ಲ" ಎಂದರಂತೆ. ಮನೆಗೆ ತಂದಾಗ ಅವ್ವ ಯಾರನ್ನೂ ಹತ್ತಿರ ಬಿಡದೆ ತಾನೇ ಅವರಿಗೆ ಸೀರೆ ಉಡಿಸಿದಳು. ಊರಿನ ಮೂಲೆಮೂಲೆಯಿಂದ ಹೆಂಗಸರು ಬಂದು ಮೆಟ್ಟಿಲುಗಳ ಮೇಲೆಲ್ಲ ಕೂತಿದ್ದರು.

ದಿನಕರ್ಮಗಳು ಮುಗಿದ ಮೇಲಿನ ರವಿವಾರ ಅಕ್ಕ ನನ್ನ ಮನೆಗೆ ಬಂದು, "ನಡೀ, ವಾಡಿಗೆ ಹೋಗಿ ಬರೂಣು" ಎಂದಳು. ಅವಳ ಹಳೆಯ ಗಂಡನ ಅಣ್ಣ ಈಗ ಹೆಂಡತಿ ಮಕ್ಕಳೊಂದಿಗೆ ಬೇರೆ ಮನೆ ಮಾಡಿದ್ದಾನೆಂದು ಯಾರಿಂದಲೋ ತಿಳಿದುಕೊಂಡಿದ್ದಳು. ಗೋದಾಮುಗಳ ಹಿಂದಿನ ಒಂದು ಓಣಿ, ಹೊರಗೆ ಲಾರಿಗಳ ಸಾಲು. ಅಕ್ಕ ಬಾಗಿಲು ಬಡಿದಳು.

ತೆರೆದವಳು ಅದೇ ಹೆಂಗಸು, ಅಕ್ಕನ ಹಳೆಯ ಓರಗಿತ್ತಿ. ಗುರುತು ಹಿಡಿದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಕಾಕು ಹೋದ್ರು ವೈನಿ" ಎಂದಳು ಅಕ್ಕ.

"ಗೊತ್ತಾತು. ನನ್ನ ಹೆಸರು ಅವರು ಎಲ್ಲೂ ಹೇಳಲಿಲ್ಲ" ಎಂದಳು ಆಕೆ, ಬಹಳ ಸಣ್ಣ ದನಿಯಲ್ಲಿ.

"ಹೂಂ. ನಿಮ್ಮನ್ನ ಒಂದು ಮಾತು ಕೇಳೂದು ಅವರಿಗೆ ಉಳಿದಿತ್ತು. ಅದಕ್ಕ ಬಂದೀನಿ." ಅಕ್ಕ ಕೇಳಿದಳು. "ನೀವು ಹ್ಯಾಂಗದೀರಿ?"

ಆಕೆ ತಿರುಗಿ ಒಮ್ಮೆ ಮನೆಯ ಒಳಗೆ ನೋಡಿದಳು. ಆಮೇಲೆ ಹೊರಗೆ ಬಂದು, ತನ್ನ ಹಿಂದೆ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ನಮ್ಮ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು.